ಹಿಮದ ದಾರಿ, ರಥ ಮತ್ತು ನಾಯಿ

ಹಿಮ ಬೀಳುವ ನಾಡಿನಲ್ಲಿ ನಾಯಿಯನ್ನು ಕರೆದುಕೊಂಡು ಹೊರಡಲು ವಾಹನ ಆರಿಸುವುದೆಂದರೆ ಇಬ್ಬರ ಪರವಾಗಿ ಒಬ್ಬರು ತೀರ್ಮಾನ ಮಾಡುವುದು. ದಾರಿ ಜಾರುತ್ತದೆ, ಗಾಳಿ ಕೊರೆಯುತ್ತದೆ, ಗಾಡಿ ಕೆಟ್ಟು ನಿಂತರೆ ಗಂಟೆಗಟ್ಟಲೆ ಯಾರೂ ಬರದಿರಬಹುದು ಎಂಬುದೆಲ್ಲ ಮನುಷ್ಯನಿಗೆ ಗೊತ್ತು. ನಾಯಿಗೆ ಗೊತ್ತಿರುವುದು ಬಾಗಿಲು ತೆರೆದದ್ದು, ಹತ್ತು ಎಂದದ್ದು, ಇಷ್ಟೇ. ಅದು ಬಾಲ ಅಲ್ಲಾಡಿಸುತ್ತ ಹತ್ತುತ್ತದೆ. ಹಾಗೆ ಹತ್ತಿದ್ದನ್ನು ಒಪ್ಪಿಗೆ ಎನ್ನಬಹುದೇ? ಅಪಾಯವನ್ನೇ ಅರಿಯದ ಜೀವಿಯ ನಂಬಿಕೆ ಒಪ್ಪಿಗೆಯಾಗದು ಎಂದಾದರೆ, ಟೈರು, ಡಿಕ್ಕಿ, ಹೀಟರುಗಳ ಮಾತು ಧರ್ಮದ ಮಾತಾಗಿಬಿಡುತ್ತದೆ. ನಂಬಿ ಹತ್ತಿದವರಿಗೆ ಹತ್ತಿಸಿಕೊಂಡವರು ತೀರಿಸಬೇಕಾದ ಋಣ ಯಾವುದು? ವಾಹನದಲ್ಲಿ ನಾಯಿಯ ಸ್ಥಾನ ಯಾವುದು? ಅದು ಸರಕೇ, ಎಳೆಯುವ ಪಶುವೇ, ಸಹಪ್ರಯಾಣಿಕನೇ?

ಈ ಪ್ರಶ್ನೆಗೆ ಕಾನೂನು ಕೂಡ ಒಂದೇ ಉತ್ತರ ಕೊಟ್ಟಿಲ್ಲ. ಪ್ರಾಣಿಗಳು ವಸ್ತುಗಳಲ್ಲ ಎಂದು ಜರ್ಮನಿಯ ನಾಗರಿಕ ಸಂಹಿತೆ 1990ರಲ್ಲಿ ಸಾರಿತು. ಆದರೆ ಬೇರೆ ನಿಯಮ ಇಲ್ಲದ ಕಡೆ ವಸ್ತುಗಳ ನಿಯಮವೇ ಅವುಗಳಿಗೂ ಅನ್ವಯ ಎಂದು ಅಲ್ಲೇ ಸೇರಿಸಿತು. 2002ರಲ್ಲಿ ಪ್ರಾಣಿಗಳ ರಕ್ಷಣೆ ಆ ದೇಶದ ಸಂವಿಧಾನದೊಳಗೇ ಬಂತು. ಅಲ್ಲಿನ ರಸ್ತೆ ನಿಯಮವೊಂದು ಚಾಲಕನ ನೋಟಕ್ಕೂ ಕಿವಿಗೂ ಯಾವುದೂ ಅಡ್ಡಿಯಾಗಬಾರದು ಎಂದು ಹೇಳುವಾಗ ಕೂತ ಜನ, ಪ್ರಾಣಿಗಳು, ಸರಕು ಎಂಬ ಕ್ರಮದಲ್ಲಿ ಹೆಸರಿಸುತ್ತದೆ. ಜನಕ್ಕೂ ಸರಕಿಗೂ ನಡುವೆ ನಾಯಿ ನಿಂತಿದೆ. ನಿಯಮ ಬರೆದವರು ತತ್ತ್ವಶಾಸ್ತ್ರ ಬರೆಯಲು ಹೊರಟವರಲ್ಲ, ಆದರೂ ಆ ನಡುವಿನ ಜಾಗ ಸರಿಯಾಗಿಯೇ ಇದೆ. ವ್ಯವಹಾರಕ್ಕೆ ಬಂದಾಗ ಮಾತ್ರ ನಾಯಿಯನ್ನು ಸರಕು ಬಿಗಿಯುವ ನಿಯಮದಂತೆಯೇ ಬಿಗಿಯಬೇಕಾಗುತ್ತದೆ. ಬ್ರಿಟನ್ನಿನ ಹೈವೇ ಕೋಡ್‌ನ 57ನೆಯ ನಿಯಮವೂ ನಾಯಿಯನ್ನು ಪಟ್ಟಿ, ಬೋನು ಅಥವಾ ಜಾಲರಿಯಿಂದ ಹಿಡಿದಿಡಬೇಕೆನ್ನುತ್ತದೆ.

ಯುರೋಪಿನ ಚಿಂತನೆಯಲ್ಲಿ ಈ ಗೊಂದಲ ಹಳೆಯದು. 17ನೆಯ ಶತಮಾನದ ದೆಕಾರ್ತ್ ಪ್ರಾಣಿಯನ್ನು ಒಂದು ಬಗೆಯ ಯಂತ್ರವೆಂದು ವಿವರಿಸಿದ. ಆ ಲೆಕ್ಕದಲ್ಲಿ ಬಂಡಿಯೂ ಯಂತ್ರ, ಅದರಲ್ಲಿ ಕೂತ ನಾಯಿಯೂ ಯಂತ್ರ. ಕಾಂಟ್ ಇನ್ನೊಂದು ದಾರಿ ಹಿಡಿದ. ನಾಯಿಗೆ ನೇರವಾಗಿ ಸಲ್ಲಬೇಕಾದ ಕರ್ತವ್ಯ ಇಲ್ಲ, ಆದರೆ ನಿಷ್ಠೆಯಿಂದ ದುಡಿದು ಮುದಿಯಾದ ನಾಯಿಯನ್ನು ಇನ್ನು ಉಪಯೋಗವಿಲ್ಲವೆಂದು ಗುಂಡಿಟ್ಟು ಕೊಲ್ಲುವವನು ತನ್ನೊಳಗಿನ ಮನುಷ್ಯತ್ವಕ್ಕೆ ಗಾಯ ಮಾಡಿಕೊಳ್ಳುತ್ತಾನೆ ಎಂದು ಅವನು ತನ್ನ ನೀತಿಶಾಸ್ತ್ರದ ಪಾಠಗಳಲ್ಲಿ ಹೇಳಿದ. 1789ರಲ್ಲಿ ಬೆಂತಮ್ ಪ್ರಶ್ನೆಯ ನೆಲೆಯನ್ನೇ ಬದಲಿಸಿದ. ಪ್ರಾಣಿ ಯೋಚಿಸಬಲ್ಲುದೇ, ಮಾತಾಡಬಲ್ಲುದೇ ಎಂದು ಕೇಳುವುದನ್ನು ಬಿಟ್ಟು ಅದು ನೋಯಬಲ್ಲುದೇ ಎಂದು ಕೇಳಬೇಕೆಂದ. ಇವೆಲ್ಲ ಬೆಲೆಯುಳ್ಳ ಮಾತುಗಳು. ಆದರೆ ಹಿಮ, ವಾಹನ, ನಾಯಿ ಮೂರೂ ಒಂದೆಡೆ ಸೇರಿದ ಸಂದರ್ಭವನ್ನು ಇವರೆಲ್ಲರಿಗಿಂತ ಬಹಳ ಹಿಂದೆಯೇ ಎತ್ತಿಕೊಂಡು ವಾದ ನಡೆಸಿದ್ದು ಮಹಾಭಾರತದ ಮಹಾಪ್ರಸ್ಥಾನಿಕ ಪರ್ವ.

ಕತೆ ಎಲ್ಲರಿಗೂ ಗೊತ್ತಿರುವಂಥದು. ಕುಮಾರವ್ಯಾಸ ತನ್ನ ಕಾವ್ಯವನ್ನು ಗದಾಪರ್ವಕ್ಕೆ ನಿಲ್ಲಿಸಿದ್ದರಿಂದ ಕನ್ನಡದಲ್ಲಿ ಈ ಭಾಗ ಬಂದದ್ದು, ಉಳಿದ ಪರ್ವಗಳನ್ನು ಬರೆದು ಮುಗಿಸಿದ ತಿಮ್ಮಣ್ಣ ಕವಿಯಂಥವರ ಮೂಲಕ. ಹಸ್ತಿನಾವತಿಯಿಂದ ಐವರು ಪಾಂಡವರು, ದ್ರೌಪದಿ, ಒಂದು ನಾಯಿ ಹೊರಡುತ್ತಾರೆ. ಆ ನಾಯಿ ಯಾರೂ ಸಾಕಿದ್ದಲ್ಲ, ಕರೆದದ್ದೂ ಅಲ್ಲ, ತಾನಾಗಿ ಜೊತೆಗೆ ಬಂದದ್ದು. ಎಲ್ಲರೂ ನಡೆದೇ ಹೋಗುತ್ತಾರೆ. ಹಿಮವಂತವನ್ನು ದಾಟಿದ ಮೇಲೆ ದ್ರೌಪದಿ, ಸಹದೇವ, ನಕುಲ, ಅರ್ಜುನ, ಭೀಮ ಒಬ್ಬೊಬ್ಬರಾಗಿ ಬೀಳುತ್ತಾರೆ. ಉಳಿದ ಧರ್ಮರಾಯನ ಹಿಂದೆ ನಾಯಿ ಮಾತ್ರ. ವಾಹನ ಬರುವುದು ಆಗ. ಇಂದ್ರ ತನ್ನ ರಥ ತಂದು ನಿಲ್ಲಿಸಿ ಹತ್ತು ಎನ್ನುತ್ತಾನೆ. ಈ ನಾಯಿಯೂ ನನ್ನ ಜೊತೆ ಬರಬೇಕು ಎಂದು ಧರ್ಮರಾಯ ಹೇಳುತ್ತಾನೆ.

ಇಂದ್ರನ ವಾದಗಳನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಮೊದಲನೆಯದು ಶುದ್ಧಿಯದು. ನಾಯಿ ಇರುವ ಕಡೆ ಯಜ್ಞದ ಫಲ ನಿಲ್ಲದು, ಕ್ರೋಧವಶರೆಂಬ ಗಣ ಅದನ್ನು ಕಸಿದುಕೊಳ್ಳುತ್ತದೆ. ಎರಡನೆಯದು ಲಾಭದ್ದು. ಇಷ್ಟು ಕಷ್ಟಪಟ್ಟು ಗಳಿಸಿದ್ದನ್ನು ಒಂದು ನಾಯಿಗಾಗಿ ಬಿಡುತ್ತೀಯಾ? ಮೂರನೆಯದು ನಿಜವಾಗಿ ಹರಿತವಾದದ್ದು. ತಮ್ಮಂದಿರನ್ನೂ ಹೆಂಡತಿಯನ್ನೂ ದಾರಿಯಲ್ಲಿ ಬಿಟ್ಟು ಬಂದವನಿಗೆ ನಾಯಿಯನ್ನು ಬಿಡಲು ಯಾಕೆ ಆಗದು? ಇದಕ್ಕೆ ಧರ್ಮರಾಯ ಕೊಡುವ ಉತ್ತರದಲ್ಲಿ ಇಡೀ ಪ್ರಕರಣದ ತಿರುಳಿದೆ. ಸತ್ತವರೊಂದಿಗೆ ಸ್ನೇಹವೂ ಇಲ್ಲ, ಹಗೆಯೂ ಇಲ್ಲ. ಅವರನ್ನು ಬದುಕಿಸುವುದು ನನ್ನ ಕೈಯಲ್ಲಿರಲಿಲ್ಲ. ಬದುಕಿರುವಾಗ ನಾನು ಅವರನ್ನು ಬಿಟ್ಟವನಲ್ಲ. ಶರಣು ಬಂದವರನ್ನು ಒಪ್ಪಿಸಿಬಿಡುವುದು, ಹೆಣ್ಣನ್ನು ಕೊಲ್ಲುವುದು, ಬ್ರಾಹ್ಮಣನ ಸ್ವತ್ತನ್ನು ಕದಿಯುವುದು, ಗೆಳೆಯನಿಗೆ ದ್ರೋಹ ಬಗೆಯುವುದು ಈ ನಾಲ್ಕನ್ನೂ ಒಂದು ಕಡೆಗಿಟ್ಟು, ನಂಬಿ ಬಂದವರನ್ನು ಕೈಬಿಡುವುದೊಂದನ್ನು ಇನ್ನೊಂದು ಕಡೆಗಿಟ್ಟರೆ ಎರಡೂ ಸಮ ಎಂಬುದು ಅವನ ಮಾತು.

ಇಲ್ಲಿ ಹೊಣೆಯ ಗಡಿ ಸ್ಪಷ್ಟವಾಗಿದೆ. ಕೈಲಾಗದ್ದಕ್ಕೆ ಯಾರೂ ಹೊಣೆಯಲ್ಲ. ಕೈಲಾಗುವಾಗ, ಜೀವ ಇನ್ನೂ ಇರುವಾಗ, ತನ್ನನ್ನೇ ನಂಬಿರುವವರನ್ನು ಬಿಡಬಾರದು. ಧರ್ಮರಾಯ ನಾಯಿಯ ಜಾತಿ ಹೇಳುವುದಿಲ್ಲ, ಅದರ ಉಪಯೋಗ ಹೇಳುವುದಿಲ್ಲ, ಅದಕ್ಕೆ ಆತ್ಮವಿದೆಯೇ ಎಂದು ಚರ್ಚಿಸುವುದೂ ಇಲ್ಲ. ಈ ನಿಲುವಿಗೆ ಅವನು ಬಳಸುವ ಹೆಸರು ಆನೃಶಂಸ್ಯ. ಕ್ರೂರನಾಗದಿರುವುದು ಎಂದು ಅದರ ಅರ್ಥ. ಯಕ್ಷಪ್ರಶ್ನೆಯಲ್ಲಿಯೂ ಪರಮಧರ್ಮ ಯಾವುದೆಂದು ಕೇಳಿದಾಗ ಅವನು ಹೇಳಿದ್ದು ಇದನ್ನೇ. ಅಹಿಂಸೆಗಿಂತ ಇದು ನಡೆಸಲು ಸಾಧ್ಯವಾದ ಧರ್ಮ. ಲೋಕದ ಎಲ್ಲ ನೋವನ್ನೂ ಅಳಿಸು ಎಂದು ಅದು ಕೇಳುವುದಿಲ್ಲ, ಎದುರಿಗಿರುವ ಜೀವದ ಮುಂದೆ ಕಲ್ಲಾಗಬೇಡ ಎನ್ನುತ್ತದೆ.

ಮಹಾಭಾರತದ ಆರಂಭದಲ್ಲೂ ಒಂದು ನಾಯಿ ಇದೆ. ಜನಮೇಜಯನ ಯಾಗಶಾಲೆಗೆ ಬಂದ ಸರಮೆಯ ಮರಿಯನ್ನು ರಾಜನ ತಮ್ಮಂದಿರು ತಪ್ಪಿಲ್ಲದೆ ಹೊಡೆಯುತ್ತಾರೆ. ತಾಯಿ ಸರಮೆ ಬಂದು, ನನ್ನ ಮಗ ಹವಿಸ್ಸನ್ನು ನೆಕ್ಕಲಿಲ್ಲ, ನೋಡಲೂ ಇಲ್ಲ, ಮತ್ತೇಕೆ ಹೊಡೆದಿರಿ ಎಂದು ಕೇಳುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಎಣಿಸದ ಕಡೆಯಿಂದ ಭಯ ಬಂದೀತು ಎಂದು ಅವಳು ಶಪಿಸುತ್ತಾಳೆ. ಉತ್ತರ ಸಿಗದ ಆ ಪ್ರಶ್ನೆಗೆ ಗ್ರಂಥದ ಇನ್ನೊಂದು ತುದಿಯಲ್ಲಿ, ರಥದ ಮುಂದೆ ನಿಂತ ಧರ್ಮರಾಯನ ಬಾಯಲ್ಲಿ ಉತ್ತರ ಬಂತು ಎಂದು ಓದಿದರೆ ತಪ್ಪಾಗದು.

ಹಾಗೆಂದು ಕತೆಯಲ್ಲಿರುವ ಒಂದು ಕೊರತೆಯನ್ನು ಮುಚ್ಚಿಡಬೇಕಾಗಿಲ್ಲ. ನಾಯಿ ಯಮಧರ್ಮನಾಗಿ ಬದಲಾಗುತ್ತದೆ, ಪರೀಕ್ಷೆ ಮುಗಿಯುತ್ತದೆ, ಧರ್ಮರಾಯ ರಥ ಹತ್ತುತ್ತಾನೆ. ನಾಯಿ ನಾಯಿಯಾಗಿಯೇ ರಥ ಹತ್ತಿದ ಗಳಿಗೆ ಬರುವುದೇ ಇಲ್ಲ. ಅದಕ್ಕೆ ಎಲ್ಲಿ ಜಾಗ ಮಾಡಬೇಕು, ಅದು ಹೆದರಿದರೆ ಏನು ಮಾಡಬೇಕು, ಸ್ವರ್ಗದಲ್ಲಿ ಅದು ಏನು ತಿನ್ನಬೇಕು ಎಂಬ ತೊಡಕುಗಳಿಗೆ ಕವಿ ಇಳಿಯಬೇಕಾಗಲಿಲ್ಲ. ಹತ್ತಿಸಿಕೊಳ್ಳುವುದು ಧರ್ಮ ಎಂಬಲ್ಲಿಗೆ ಪುರಾಣ ನಿಂತಿತು. ಹೇಗೆ ಹತ್ತಿಸಿಕೊಳ್ಳಬೇಕು ಎಂಬುದು ಆಮೇಲಿನವರಿಗೆ ಉಳಿಯಿತು.

ಬೌದ್ಧರ ಕುಕ್ಕುರ ಜಾತಕದಲ್ಲಿ ರಥವೂ ನಾಯಿಗಳೂ ಬೇರೊಂದು ರೀತಿಯಲ್ಲಿ ಎದುರಾಗುತ್ತವೆ. ಕಾಶಿಯ ರಾಜನ ರಥವನ್ನು ರಾತ್ರಿ ಅಂಗಳದಲ್ಲೇ ಬಿಟ್ಟಿರುತ್ತಾರೆ. ಮಳೆಗೆ ನೆನೆದ ಅದರ ತೊಗಲನ್ನು ಅರಮನೆಯ ನಾಯಿಗಳು ಕಡಿದು ತಿನ್ನುತ್ತವೆ. ಕಂಡ ಕಂಡ ನಾಯಿಗಳನ್ನು ಕೊಲ್ಲಿ ಎಂದು ರಾಜಾಜ್ಞೆಯಾಗುತ್ತದೆ, ಆದರೆ ಅರಮನೆಯ ನಾಯಿಗಳಿಗೆ ಮಾತ್ರ ವಿನಾಯಿತಿ. ಮಸಣದ ನಾಯಿಗಳ ಒಡೆಯನಾಗಿ ಹುಟ್ಟಿದ್ದ ಬೋಧಿಸತ್ವ ಸಭೆಗೆ ಬಂದು, ಮಜ್ಜಿಗೆಯಲ್ಲಿ ದರ್ಭೆ ಅರೆದು ಅರಮನೆಯ ನಾಯಿಗಳಿಗೆ ಕುಡಿಸಲು ಹೇಳುತ್ತಾನೆ. ಅವು ತೊಗಲಿನ ಚೂರುಗಳನ್ನು ಕಕ್ಕುತ್ತವೆ. ನಾಯಿ ಮನುಷ್ಯನಿಂದ ಮರುಕವನ್ನಷ್ಟೇ ಪಡೆಯಬೇಕಾದ ಜೀವವಲ್ಲ, ನ್ಯಾಯವನ್ನು ಕೇಳುವ ಹಕ್ಕೂ ಅದಕ್ಕುಂಟು ಎಂಬುದನ್ನು ಇಷ್ಟು ಸರಳವಾಗಿ ಹೇಳಿದ ಕತೆ ಅಪರೂಪ. ರಥದ ಅಲಂಕಾರ ಹಾಳಾಯಿತೆಂದು ಜೀವ ತೆಗೆಯಹೊರಟ ರಾಜ, ಕಾರಿನ ಹೊಸ ಸೀಟಿಗೆ ಕೂದಲು ಅಂಟುತ್ತದೆಂದು ನಾಯಿಯನ್ನು ಪಿಕಪ್ ಗಾಡಿಯ ತೆರೆದ ಹಿಂಭಾಗದಲ್ಲಿ ಚಳಿಗಾಳಿಗೆ ಒಡ್ಡುವವರಿಗೆ ತುಂಬ ದೂರದವನೇನಲ್ಲ.

ನಾಯಿಗೆ ಸಲ್ಲಬೇಕಾದದ್ದನ್ನು ಕಲ್ಲಿನಲ್ಲಿ ಕೊರೆಸಿದ ಉದಾಹರಣೆ ಕರ್ನಾಟಕದಲ್ಲೇ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಶಕ 872ರದು, ಅಂದರೆ ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲರತ, ಗಂಗದೊರೆ ಬೂತುಗನಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಕಾಳಿ ಕಾಡುಹಂದಿಯೊಂದಿಗೆ ಕಾದಾಡಿತು. ಎರಡೂ ಸತ್ತವು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪ ಎಂದು ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮನುಷ್ಯ ಒಡ್ಡಿದ ಅಪಾಯದಲ್ಲಿ ಸತ್ತ ನಾಯಿಗೆ ಮನುಷ್ಯ ದಿನವೂ ಊಟಕ್ಕೆ ಮೊದಲು ನಮಿಸಬೇಕೆಂಬ ಈ ಕಟ್ಟಳೆಯಲ್ಲಿ ಋಣದ ಅರಿವು ಇದೆ.

ಹಿಮದ ನಾಡುಗಳಲ್ಲಿ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ, ಏಕೆಂದರೆ ಅಲ್ಲಿ ಶತಮಾನಗಳ ಕಾಲ ನಾಯಿಯೇ ವಾಹನದ ಎಂಜಿನ್ ಆಗಿತ್ತು. ದಕ್ಷಿಣ ಧ್ರುವದ ಓಟ ಇದಕ್ಕೆ ದೊಡ್ಡ ಪರೀಕ್ಷೆ. ನಾರ್ವೆಯ ಅಮುಂಡ್ಸೆನ್ ಗ್ರೀನ್‌ಲೆಂಡಿನ ನಾಯಿಗಳನ್ನೇ ನೆಚ್ಚಿಕೊಂಡ. 1911ರ ಅಕ್ಟೋಬರಿನಲ್ಲಿ ಐವರು, ನಾಲ್ಕು ಜಾರುಬಂಡಿ, 52 ನಾಯಿಗಳೊಂದಿಗೆ ಹೊರಟ. ಲೆಕ್ಕ ಮೊದಲೇ ಸಿದ್ಧವಾಗಿತ್ತು. ಹೊರೆ ಕಡಿಮೆಯಾದಂತೆ ನಾಯಿಗಳನ್ನು ಕೊಲ್ಲಬೇಕು, ಆ ಮಾಂಸ ಉಳಿದ ನಾಯಿಗಳಿಗೂ ಜನರಿಗೂ ಆಹಾರವಾಗಬೇಕು. ಹಿಮನದಿಯನ್ನು ಏರಿ ಪ್ರಸ್ಥಭೂಮಿ ಮುಟ್ಟಿದ ಕಡೆ 24 ನಾಯಿಗಳಿಗೆ ಗುಂಡಿಟ್ಟರು. ಆ ಬಿಡಾರಕ್ಕೆ ಕಸಾಯಿಖಾನೆ ಎಂದೇ ಹೆಸರು ಬಿತ್ತು. ಅಡುಗೆಯ ಸ್ಟವ್ವನ್ನು ಎಂದಿಗಿಂತ ಜೋರಾಗಿ ಉರಿಸಿ, ಅದರ ಸದ್ದಿನಲ್ಲಿ ಗುಂಡಿನ ಸದ್ದು ಕೇಳಿಸದಿರಲಿ ಎಂದು ಬಯಸಿದ್ದನ್ನು ಅಮುಂಡ್ಸೆನ್ ತಾನೇ ಬರೆದಿದ್ದಾನೆ. ಡಿಸೆಂಬರ್ 14ರಂದು ಧ್ರುವ ಮುಟ್ಟಿದ. 1912ರ ಜನವರಿ 25ರಂದು ನೆಲೆಗೆ ಮರಳಿದಾಗ ಉಳಿದಿದ್ದ ನಾಯಿಗಳು 11.

ಬ್ರಿಟನ್ನಿನ ಸ್ಕಾಟ್ ಮೂರು ಮೋಟಾರು ಜಾರುಬಂಡಿ, ಕುದುರೆಮರಿಯಂಥ ಪೋನಿಗಳು, ನಾಯಿಗಳು, ಕೊನೆಗೆ ಮನುಷ್ಯರ ತೋಳು ಹೀಗೆ ಎಲ್ಲವನ್ನೂ ಬೆರೆಸಿಕೊಂಡ. ನಾಯಿಗಳನ್ನು ದುಡಿಸಿ ಕೊಲ್ಲುವುದು ಅವನಿಗೆ ಹೇಸಿಗೆಯ ಸಂಗತಿಯಾಗಿತ್ತು, 1902-03ರ ಪಯಣದಲ್ಲಿ ತಂದಿದ್ದ ನಾಯಿಗಳೆಲ್ಲ ಸತ್ತದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆದರೆ ಒಂದು ಮೋಟಾರು ಬಂಡಿ ಹಡಗಿನಿಂದ ಇಳಿಸುವಾಗಲೇ ಮಂಜುಗಡ್ಡೆ ಒಡೆದು ಮುಳುಗಿತು, ಉಳಿದೆರಡು ಹೊರಟ ಕೆಲ ದಿನಗಳಲ್ಲೇ ಕೆಟ್ಟವು. ಧ್ರುವದ ಹಾದಿಯಲ್ಲಿ ಪೋನಿಗಳಿಗೂ ಗುಂಡೇ ಗತಿಯಾಯಿತು. 1912ರ ಜನವರಿ 17ರಂದು ಧ್ರುವ ಮುಟ್ಟಿದ ಐವರಲ್ಲಿ ಯಾರೂ ಬದುಕಿ ಬರಲಿಲ್ಲ.

ಈ ಇಬ್ಬರನ್ನು ಹೋಲಿಸಿ ಒಬ್ಬ ಕ್ರೂರಿ, ಇನ್ನೊಬ್ಬ ಕರುಣಾಳು ಎನ್ನುವುದು ಸುಲಭ, ಆದರೆ ತಪ್ಪು. ಸ್ಕಾಟನ ಮರುಕ ನಾಯಿಗಳಿಗೆ ಸಿಕ್ಕಿತೇ ಹೊರತು ಹಿಮಕ್ಕೆ ಒಗ್ಗದ ಪೋನಿಗಳಿಗೆ ಸಿಗಲಿಲ್ಲ. ನಾಡಿಗೆ ಹೊಂದದ ಪ್ರಾಣಿಯನ್ನು ಅಲ್ಲಿಗೆ ಒಯ್ಯುವುದೂ ಹಿಂಸೆಯೇ. ಅಮುಂಡ್ಸೆನ್ ಚಳಿಗೆ ಹುಟ್ಟಿದ ನಾಯಿಗಳನ್ನು ಆರಿಸಿದ, ಅವುಗಳನ್ನು ಚೆನ್ನಾಗಿ ನೋಡಿಕೊಂಡ, ತನ್ನವರನ್ನೆಲ್ಲ ಜೀವಂತ ಕರೆತಂದ. ಆದರೂ ಆನೃಶಂಸ್ಯದ ಅಳತೆಗೋಲು ಹಿಡಿದರೆ ಅವನ ಲೆಕ್ಕದಲ್ಲಿ ಕೂಡದ ಒಂದು ಅಂಕಿ ಇದೆ. ಅನಿವಾರ್ಯವಾಗಿ ಕೈಬಿಟ್ಟದ್ದಕ್ಕೂ ಕೈಬಿಡುವುದನ್ನೇ ಯೋಜನೆಯಾಗಿಸಿಕೊಂಡು ಹೊರಟದ್ದಕ್ಕೂ ವ್ಯತ್ಯಾಸವಿದೆ. ಧರ್ಮರಾಯ ತಮ್ಮಂದಿರ ವಿಷಯದಲ್ಲಿ ಕೊಟ್ಟ ಉತ್ತರವನ್ನು ಅಮುಂಡ್ಸೆನ್ ಕೊಡುವಂತಿಲ್ಲ. ಸ್ಟವ್ವಿನ ಸದ್ದನ್ನು ಏರಿಸಿದ ಕೈಗೂ ಅದು ಗೊತ್ತಿದ್ದಂತಿದೆ.

1925ರ ಚಳಿಗಾಲದಲ್ಲಿ ಅಲಾಸ್ಕಾದ ನೋಮ್ ಪಟ್ಟಣಕ್ಕೆ ಡಿಫ್ತೀರಿಯ ಬಂತು. ಮದ್ದು ತಲುಪಿಸಲು ವಿಮಾನವೋ ನಾಯಿಬಂಡಿಯೋ ಎಂದು ಆಡಳಿತ ಚರ್ಚಿಸಿತು. ಆ ಚಳಿಯಲ್ಲಿ ಆಗಿನ ತೆರೆದ ವಿಮಾನಗಳನ್ನು ನಂಬುವಂತಿರಲಿಲ್ಲ. ಸುಮಾರು 20 ಸಾರಥಿಗಳು, 150ರಷ್ಟು ನಾಯಿಗಳು ಕೈಯಿಂದ ಕೈಗೆ ದಾಟಿಸುತ್ತ 674 ಮೈಲಿಗಳನ್ನು ಐದೂವರೆ ದಿನಗಳಲ್ಲಿ ಮುಗಿಸಿದರು. ಕೆಲವು ನಾಯಿಗಳು ದಾರಿಯಲ್ಲೇ ಸತ್ತವು. ಮಕ್ಕಳ ಜೀವ ಉಳಿಸಲು ಹೊರಟಿದ್ದೇವೆಂದು ಈ ನಾಯಿಗಳಿಗೂ ಗೊತ್ತಿರಲಿಲ್ಲ, ಧ್ರುವಕ್ಕೆ ಹೊರಟವಕ್ಕೂ ಗುರಿ ಗೊತ್ತಿರಲಿಲ್ಲ. ಉದ್ದೇಶದ ಪುಣ್ಯ ನಾಯಿಯ ಖಾತೆಗೆ ಹೋಗುವುದಿಲ್ಲ. ಹಾಗಾಗಿ ಉದ್ದೇಶ ಎಷ್ಟೇ ದೊಡ್ಡದಿರಲಿ, ನಾಯಿಯ ಕಡೆಯಿಂದ ಕೇಳಬೇಕಾದ ಪ್ರಶ್ನೆ ಬೇರೆಯೇ ಆಗಿ ಉಳಿಯುತ್ತದೆ. ಅದಕ್ಕೊಂದು ಒಳ್ಳೆಯ ಉತ್ತರ, 1973ರಲ್ಲಿ ಆರಂಭವಾದ ಅಲಾಸ್ಕಾದ ಇಡಿಟರಾಡ್ ನಾಯಿಬಂಡಿ ಸ್ಪರ್ಧೆಯ ನಿಯಮಗಳಲ್ಲಿದೆ. ನಾಯಿಗಳ ಸಾವಿಗಾಗಿ ಆ ಸ್ಪರ್ಧೆ ಟೀಕೆಗೊಳಗಾಗಿದೆ, ಅದು ನ್ಯಾಯವಾದ ಟೀಕೆ. ಆದರೆ ದಣಿದ ಅಥವಾ ಗಾಯಗೊಂಡ ನಾಯಿಯನ್ನು ಹೊದಿಕೆಯೊಳಗೆ ಮಲಗಿಸಿ ಒಯ್ಯುವಷ್ಟು ಜಾಗ ಪ್ರತಿ ಬಂಡಿಯಲ್ಲೂ ಇರಲೇಬೇಕು ಎಂಬುದು ಅದರ ನಿಯಮ. ಎಳೆಯುವವರು ಸೋತಾಗ ಅವರನ್ನು ಕೂರಿಸಿಕೊಳ್ಳಲಾಗದ ಬಂಡಿ ಓಟಕ್ಕೇ ಅನರ್ಹ.

ಕಾರುಗಳ ವಿಷಯಕ್ಕೂ ಇದೇ ಅಳತೆ ಸಲ್ಲುತ್ತದೆ. ಹಿಮದ ನಾಡಿನಲ್ಲಿ ಕಾರು ಕೊಳ್ಳುವವರು ಮೊದಲು ಕೇಳುವುದು ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಸಿಗುವ ಫೋರ್ ವೀಲ್ ಡ್ರೈವ್ ಇದೆಯೇ ಎಂದು. ಅದರ ಉಪಯೋಗ ನಿಜ, ಹಿಮದಲ್ಲಿ ಹೂತ ಗಾಡಿ ಅದರಿಂದ ಮೇಲೇಳುತ್ತದೆ, ಏರು ಹತ್ತುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ಅದರ ನೆರವು ಇಲ್ಲ. ಎರಡು ಚಕ್ರದ ಬಲವಿರಲಿ ನಾಲ್ಕರದಿರಲಿ, ಗಾಡಿ ನಿಲ್ಲುವುದು ಟೈರಿನ ಹಿಡಿತದಿಂದ. ಸಾಧಾರಣ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗತೊಡಗುತ್ತದೆ. ಚಳಿಗಾಲದ ಟೈರು ಆಗಲೂ ಮೆತ್ತಗಿದ್ದು, ತನ್ನ ಮೈಮೇಲಿನ ಸಣ್ಣ ಸೀಳುಗಳಿಂದ ಹಿಮವನ್ನು ಕಚ್ಚುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂಥ ಟೈರು ಕಡ್ಡಾಯ. ಫೋರ್ ವೀಲ್ ಡ್ರೈವ್ ಕೊಡುವುದು ಹೊರಡುವ ಶಕ್ತಿ, ಟೈರು ಕೊಡುವುದು ನಿಲ್ಲುವ ಶಕ್ತಿ. ಹೊರಡಬೇಕೆನ್ನುವುದು ಮನುಷ್ಯನ ಆಸೆ. ಹಿಂದೆ ಕೂತ ನಾಯಿಗೆ ಬೇಕಾದದ್ದು ಗಾಡಿ ಸರಿಯಾಗಿ ನಿಲ್ಲುವುದು. ಹಣ ಎರಡರಲ್ಲಿ ಒಂದಕ್ಕೇ ಸಾಲುವುದಾದರೆ ಟೈರಿಗೆ ಹಾಕುವುದು ಧರ್ಮಕ್ಕೂ ವಿವೇಕಕ್ಕೂ ಹತ್ತಿರ.

ಗಂಟೆಗೆ 50 ಕಿಲೋಮೀಟರ್ ವೇಗದ ಗಾಡಿ ಏಕಾಏಕಿ ನಿಂತರೆ ಕಟ್ಟದೆ ಬಿಟ್ಟ ನಾಯಿ ಅದೇ ವೇಗದಲ್ಲಿ ಮುಂದಕ್ಕೆ ಎಸೆಯಲ್ಪಡುತ್ತದೆ. ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರನೆಯ ಮಹಡಿಯಿಂದ ಬಿದ್ದಷ್ಟು ಆ ಪೆಟ್ಟು. ಬೋನು, ಎದೆಪಟ್ಟಿ ಎಂದರೆ ಕೆಲವರಿಗೆ ಸೆರೆಯ ನೆನಪಾಗಿ ಮನಸ್ಸು ಹಿಂಜರಿಯುತ್ತದೆ. ಸ್ವಾತಂತ್ರ್ಯವೆಂದುಕೊಂಡು ಕಿಟಕಿಯಲ್ಲಿ ತಲೆ ಹಾಕಿ ನಿಲ್ಲಲು ಬಿಡುವುದು ಪ್ರೀತಿಯ ಹೆಸರಿನಲ್ಲಿ ನಡೆಯುವ ಅಲಕ್ಷ್ಯ. ಮಗುವಿಗೆ ಪಟ್ಟಿ ಕಟ್ಟುವುದನ್ನು ಯಾರೂ ಸೆರೆ ಎನ್ನುವುದಿಲ್ಲ. ಗಟ್ಟಿಯಾದ ಬೋನು ನೆಲಕ್ಕೆ ಬಿಗಿಯಾಗಿ ಕೂರುವಷ್ಟು ಸಮತಟ್ಟಾದ ಹಿಂಭಾಗ, ಮುದಿನಾಯಿ ಸೊಂಟ ನೋಯಿಸಿಕೊಳ್ಳದೆ ಹತ್ತುವಷ್ಟು ತಗ್ಗಾದ ಅಂಚು, ಹಿಂದಿನವರೆಗೂ ಬಿಸಿಗಾಳಿ ತಲುಪುವ ಕಿಂಡಿ ಇವು ನೋಡಿಕೊಳ್ಳಬೇಕಾದವು. ಎತ್ತರದ ಎಸ್‌ಯುವಿಗಿಂತ ಉದ್ದ ಬೆನ್ನಿನ ಎಸ್ಟೇಟ್ ಕಾರು ಎಷ್ಟೋ ಸಲ ನಾಯಿಗೆ ಹೆಚ್ಚು ಹೊಂದುತ್ತದೆ. ಒದ್ದೆಮೈಯ ನಾಯಿಯ ಉಸಿರಿನಿಂದ ಗಾಜಿಗೆ ಮಂಜು ಕಟ್ಟುತ್ತದೆ, ಅದನ್ನು ಬೇಗ ಒಣಗಿಸುವ ಏರ್ಪಾಟೂ ಬೇಕು.

ನಿಂತ ಗಾಡಿಯ ಅಪಾಯಗಳು ಸದ್ದಿಲ್ಲದವು. ಹಿಮದಲ್ಲಿ ಸಿಕ್ಕಿಕೊಂಡು ಎಂಜಿನ್ ಓಡಿಸುತ್ತ ಕೂತಾಗ ಸೈಲೆನ್ಸರ್ ಕೊಳವೆಯ ಬಾಯಿಗೆ ಹಿಮ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ನುಗ್ಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಯಿಯ ಮೂಗಿಗೂ ಅದು ಸಿಗದು. ವಿದ್ಯುತ್ ಕಾರಿನಲ್ಲಿ ಈ ಭಯವಿಲ್ಲ, ನಿಂತಾಗಲೂ ಒಳಗೆ ಬೆಚ್ಚಗಿಡಬಹುದು. ಆದರೆ ಚಳಿಯಲ್ಲಿ ಬ್ಯಾಟರಿ ಓಡುವ ದೂರ ಕುಗ್ಗುವುದನ್ನು ಮೊದಲೇ ಲೆಕ್ಕ ಹಾಕಿರಬೇಕು. ರೇಡಿಯೇಟರ್ ಹೆಪ್ಪುಗಟ್ಟದಂತೆ ಹಾಕುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ಸೋರಿದ್ದನ್ನು ನೆಕ್ಕಿದರೆ ಸ್ವಲ್ಪವೇ ಸಾಕು, ಮೂತ್ರಪಿಂಡ ಕೈಕೊಡುತ್ತದೆ. ರಸ್ತೆಗೆ ಸುರಿದ ಉಪ್ಪು ಪಾದಗಳನ್ನು ಸುಡುತ್ತದೆ, ಆದ್ದರಿಂದ ಇಳಿದು ಹತ್ತಿದಾಗಲೆಲ್ಲ ಪಾದ ತೊಳೆದು ಒರೆಸಬೇಕು. ಬಾಗಿಲ ಬಳಿ ಕೂತು ನಾಯಿಯ ನಾಲ್ಕು ಪಾದ ಒರೆಸುವ ಆ ಒಂದು ನಿಮಿಷದ ಕೆಲಸದಲ್ಲಿ ದೊಡ್ಡ ದೊಡ್ಡ ಸಿದ್ಧಾಂತಗಳಿಗೆ ಸಿಗದ ಸೇವೆ ಇದೆ.

ಎಲ್ಲಕ್ಕೂ ಮೊದಲು ಕೇಳಬೇಕಾದದ್ದು, ನಾಯಿಯನ್ನು ಒಯ್ಯಲೇಬೇಕೇ ಎಂದು. ಧರ್ಮರಾಯನ ಕತೆಯನ್ನು ಯಾವಾಗಲೂ ನಾಯಿಯನ್ನು ಕರೆದೊಯ್ಯಬೇಕೆಂಬ ಆಜ್ಞೆಯಾಗಿ ಓದುವವರಿದ್ದಾರೆ. ಆ ನಾಯಿ ಹಿಮದ ನಡುವೆ ಇತ್ತು, ರಥ ಹೊರಟುಹೋಗಿದ್ದರೆ ಅದಕ್ಕೆ ಯಾರೂ ಇರಲಿಲ್ಲ. ಬೆಚ್ಚಗಿನ ಮನೆಯಲ್ಲಿ, ಪರಿಚಿತರ ಬಳಿ ಬಿಟ್ಟು ಹೋಗುವುದು ಕೈಬಿಡುವುದಾಗದು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ಬಯಲಿನ ಬಿಸಿಲಿಗೆ ಬೆಳೆದದ್ದು. ಅದರ ಮೈಯಲ್ಲಿ ಕೊಬ್ಬು ಕಡಿಮೆ, ಕೂದಲು ತೆಳು. ಅಂಥದ್ದನ್ನು ಕರ್ನಾಟಕದಿಂದ ಚಳಿಗಾಲದ ಲಡಾಖಿಗೆ ಒಯ್ದು ಹಿಮದ ಮುಂದೆ ಫೋಟೊ ತೆಗೆಸುವುದು ಸ್ಕಾಟನ ಪೋನಿಗಳ ಕತೆಯನ್ನೇ ಸಣ್ಣದಾಗಿ ಮತ್ತೆ ನಡೆಸಿದಂತೆ. ಬೆಂಗಳೂರಿನ ಬೇಸಿಗೆಯಲ್ಲಿ ದಪ್ಪ ಉಣ್ಣೆಯ ಸೈಬೀರಿಯನ್ ಹಸ್ಕಿಯನ್ನು ಸಾಕುವುದು ಅದರ ಇನ್ನೊಂದು ಮುಖ.

ಯಾತ್ರೆಯ ಪ್ರಶ್ನೆಯೂ ಇದೆ. 2022ರ ಮೇ ತಿಂಗಳಲ್ಲಿ ಹಸ್ಕಿ ನಾಯಿಯೊಂದನ್ನು ಕೇದಾರನಾಥಕ್ಕೆ ಕರೆದೊಯ್ದು ನಂದಿಯ ವಿಗ್ರಹವನ್ನು ಮುಟ್ಟಿಸಿದ್ದು ದೊಡ್ಡ ವಿವಾದವಾಗಿ, ಪೊಲೀಸರಿಗೆ ದೂರು ಹೋಯಿತು. ಇಂದ್ರನ ಮೊದಲ ವಾದ ಅದೇ ಹಿಮಾಲಯದಲ್ಲಿ ಮತ್ತೆ ಕೇಳಿಸಿತು. ಆದರೆ ಸಂಪ್ರದಾಯ ಒಂದೇ ದನಿಯಲ್ಲಿ ಮಾತಾಡಿಲ್ಲ. ಭೈರವನ ವಾಹನವೇ ನಾಯಿ. ದತ್ತಾತ್ರೇಯನ ಕಾಲ ಬಳಿಯ ನಾಲ್ಕು ನಾಯಿಗಳನ್ನು ನಾಲ್ಕು ವೇದಗಳೆನ್ನುತ್ತಾರೆ. ಕೇರಳದ ಪರಶ್ಶಿನಿಕಡವು ಮುತ್ತಪ್ಪನ ಸನ್ನಿಧಿಯಲ್ಲಿ ನಾಯಿಗಳಿಗೆ ತಡೆಯಿಲ್ಲ. ನೇಪಾಳದಲ್ಲಿ ದೀಪಾವಳಿಯ ದಿನಗಳಲ್ಲಿ ನಾಯಿಗೆ ಹಾರ ಹಾಕಿ ತಿಲಕ ಇಡುವ ಹಬ್ಬವೇ ಇದೆ. ಮೈಲಾರಲಿಂಗನ ಗೊರವರು ತಮ್ಮನ್ನು ದೇವರ ನಾಯಿಗಳೆಂದು ಭಾವಿಸುತ್ತಾರೆ. ಚನ್ನಪಟ್ಟಣದ ಬಳಿಯ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳಿಗೇ ಗುಡಿಯಿದೆ. ಹಾಗಾಗಿ ಮೈಲಿಗೆಯ ವಾದ ಗಟ್ಟಿ ನಿಲ್ಲದು. ನಿಲ್ಲುವುದು ಬೇರೊಂದು ವಾದ. ಸಾವಿರಾರು ಜನರ ನೂಕುನುಗ್ಗಲಿನಲ್ಲಿ, ಗಾಳಿ ತೆಳುವಾದ ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ ಆ ನಾಯಿಗೆ ಹಿತವಾಗಿರುತ್ತದೆಯೇ? ಪುಣ್ಯ ಬೇಕಾದದ್ದು ಯಾರಿಗೆ?

ವಾಹನದ ಹೊರಗಿರುವ ಜೀವಗಳ ಪಾಲೂ ಇದರಲ್ಲಿದೆ. ತನ್ನ ನಾಯಿಯ ಮೇಲಿನ ಮಮತೆ ಬೆಟ್ಟದಲ್ಲಿ ಅದನ್ನು ಹಗ್ಗ ಬಿಚ್ಚಿ ಓಡಿಸುವಷ್ಟು ಕುರುಡಾದರೆ, ಚಳಿಗಾಲದಲ್ಲಿ ಮೈಯ ಕೊಬ್ಬನ್ನೇ ನೆಚ್ಚಿ ಬದುಕುವ ಕಾಡುಪ್ರಾಣಿಗಳು ಅಟ್ಟಿಸಿಕೊಂಡು ಓಡಿ ಸೊರಗುತ್ತವೆ. ರೋಗವೂ ಹರಡುತ್ತದೆ. ಅಂಟಾರ್ಕ್ಟಿಕದ ಪರಿಸರ ರಕ್ಷಣೆಗಾಗಿ 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಆದ ಒಪ್ಪಂದ ಈ ಕಾರಣಕ್ಕೇ ನಾಯಿಗಳನ್ನು ಆ ಖಂಡದಿಂದ ಹೊರಗಿಟ್ಟಿತು. ನಾಯಿಗಳಿಗೆ ಬರುವ ಡಿಸ್ಟೆಂಪರ್‌ನಂಥ ಕಾಯಿಲೆ ಸೀಲ್‌ಗಳಿಗೆ ಅಂಟೀತೆಂಬುದು ಭಯ. 1994ರ ಏಪ್ರಿಲ್ 1ರೊಳಗೆ ಎಲ್ಲ ನಾಯಿಗಳೂ ಹೊರಡಬೇಕಿತ್ತು. ಬ್ರಿಟಿಷ್ ನೆಲೆಯಾದ ರೊಥೆರಾದಲ್ಲಿ ಉಳಿದಿದ್ದ ಕೊನೆಯ ಹಸ್ಕಿಗಳು ಫೆಬ್ರವರಿಯಲ್ಲೇ ಹೊರಟವು. ಸುಮಾರು ಐದು ದಶಕಗಳ ಕಾಲ ಆ ಹಿಮದಲ್ಲಿ ಮನುಷ್ಯರನ್ನೂ ಅವರ ಹೊರೆಯನ್ನೂ ಎಳೆದ ಸಂತತಿಯ ನಾಯಿಗಳು ಅವು. ಜಾರುಬಂಡಿಗೆ ಕಟ್ಟದೆ ಅವುಗಳನ್ನು ವಿಮಾನ ಹತ್ತಿಸಿ ಮೊದಲು ಫಾಕ್‌ಲೆಂಡ್ ದ್ವೀಪಗಳಿಗೆ, ಆಮೇಲೆ ಅಲ್ಲಿಂದ ಕೆನಡಾದ ಹಡ್ಸನ್ ಕೊಲ್ಲಿಯ ದಂಡೆಯ ಇನುಕ್‌ಜುವಾಕ್ ಊರಿಗೆ, ಹಿಮವಿರುವ ಇನ್ನೊಂದು ನಾಡಿಗೆ ಕರೆದೊಯ್ದರು.